ನಮ್ಮೂರ ನೀರಿಗೊಂದು ಸಾಸಿವೆ ಡಬ್ಬಿ ಬೇಕು

ಚಿಕ್ಕಮಗಳೂರಿನ ನೀರಿನ ಬಜೆಟ್ ಬರೆಯುವ ಅಧಿಕಾರಿಗಳಿಗೆ, ಅದಕ್ಕೆ ಕೈ ಎತ್ತುವ ಜನಪ್ರತಿನಿಧಿಗಳಿಗೆ, ಬೆಂಗಳೂರಲ್ಲಿ ಕೂತು ಯೋಜನೆ ಮಂಜೂರು ಮಾಡುವವರಿಗೆ, ಮತ್ತು ನನ್ನ ಗಿರಾಕಿಗಳೇ ಆಗಿರುವ ಊರಿನ ಅಣ್ಣಂದಿರಿಗೆ, ಅಕ್ಕಂದಿರಿಗೆ,

ನಮಸ್ಕಾರ.

ಊರಿನ ನೀರಿನ ಪೈಪು, ಒಳಚರಂಡಿ ನಡೆಸಲಿಕ್ಕೆ, ರಿಪೇರಿಗೆ ಬೇರೆಯದೇ ದುಡ್ಡು ಎತ್ತಿಡಿ ಅಂತ ಕೇಳಲು ಈ ಪತ್ರ. ನಾನು ಪೈಪ್ ಅಂಗಡಿ ಇಟ್ಟುಕೊಂಡವನು. ಪಿವಿಸಿ ಪೈಪು, ಬೆಂಡು, ಟೀ, ಬಾಲ್ ವಾಲು, ಸಿಂಟೆಕ್ಸ್ ಟ್ಯಾಂಕು, ಅರ್ಧ ಎಚ್‌ಪಿ ಮೋಟಾರು, ಫಿಲ್ಟರ್ ಕ್ಯಾಂಡಲ್ಲು, ಎಲ್ಲ ಸಿಗುತ್ತದೆ. ಇಪ್ಪತ್ತೆರಡು ವರ್ಷ ಆಯಿತು. ಆಮೇಲೆ ಯಾರೂ ಬೆರಳು ತೋರಿಸಬಾರದು ಅಂತ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಊರಿಗೆ ನೀರು ಸರಿಯಾಗಿ ಬಂದರೆ ನನ್ನ ವ್ಯಾಪಾರದಲ್ಲಿ ಅರ್ಧ ಹೋಗುತ್ತದೆ. ನಲ್ಲಿಯಲ್ಲಿ ದಿನವಿಡೀ ಪ್ರೆಶರ್ ಇದ್ದರೆ ಸಂಪು ಯಾರು ಕಟ್ಟಿಸುತ್ತಾರೆ? ಸಂಪೇ ಇಲ್ಲ ಅಂದಮೇಲೆ ಮೋಟಾರ್ ಯಾಕೆ, ಫುಟ್‌ವಾಲ್ ಯಾಕೆ, ಟೆರೇಸ್ ಮೇಲೆ ಸಾವಿರ ಲೀಟರಿನ ಕಪ್ಪು ಟ್ಯಾಂಕ್ ಯಾಕೆ? ನೀರು ಬರುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಜನ ನನ್ನ ಅಂಗಡಿಯಲ್ಲಿ ಸುರಿಯುವ ದುಡ್ಡು ಇದೆಯಲ್ಲ, ಅದು ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ. ನನ್ನ ಬಿಲ್ ಬುಕ್ಕಿನಲ್ಲಿ ಮಾತ್ರ ಇದೆ. ನೀರು ಬಿಟ್ಟಿ ಸಿಗುತ್ತಿದೆ ಅಂತ ಖುಷಿಪಡುವವರು ಒಮ್ಮೆ ಬಂದು ಆ ಬಿಲ್ ಬುಕ್ ನೋಡಿ, ಕಾಫಿ ಕೊಡಿಸ್ತೀನಿ.

ಗಲ್ಲಾ ಪಕ್ಕದಲ್ಲಿ ಒಂದು ಪೈಪಿನ ತುಂಡು ಇಟ್ಟಿದ್ದೇನೆ. ಒಂದು ಗೇಣು ಉದ್ದ. ಮುಕ್ಕಾಲು ಇಂಚಿನ ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ್ದು. ಹೊರಗಿನಿಂದ ಅಲ್ಲಲ್ಲಿ ತುಕ್ಕು ಕಾಣುತ್ತದೆ, ಅಷ್ಟೆ. ಬೆಳಕಿಗೆ ಹಿಡಿದು ಒಳಗೆ ನೋಡಬೇಕು. ಹುತ್ತ ಬೆಳೆದ ಹಾಗೆ ತುಕ್ಕಿನ ಗಂಟುಗಳು, ಮಧ್ಯದಲ್ಲಿ ಒಂದು ಪೆನ್ಸಿಲ್ ತೂರಿಸಿದರೆ ಸಿಕ್ಕಿಕೊಳ್ಳುವಷ್ಟು ದಾರಿ. ಮಗ್ಗುಲಲ್ಲಿ ಎರಡು ತೂತು, ದಬ್ಬಣದಲ್ಲಿ ಚುಚ್ಚಿದಷ್ಟು. ಇದು ನಮ್ಮಕ್ಕನ ಮನೆಯ ಪೈಪು. ಅಕ್ಕ ಇರುವುದು ಬೇರೆ ಊರಲ್ಲಿ, ಊರಿನ ಹೆಸರು ಬೇಡ, ಯಾರನ್ನೋ ಬೈಯಲಿಕ್ಕೆ ಇದನ್ನು ಬರೆಯುತ್ತಿಲ್ಲ. ಅಕ್ಕನ ಮಗಳಿಗೆ ಕಾಮಾಲೆ ಆಯಿತು. ಪಾನಿಪುರಿ ತಿಂದಿದ್ದಕ್ಕೇ ಆಗಿದ್ದು ಅಂತ ಮನೆಯವರೆಲ್ಲ ಸೇರಿ ಆ ಹುಡುಗಿಗೆ ಬೈದರು. ಆಮೇಲೆ ಎದುರು ಮನೆಯಲ್ಲಿ ಒಬ್ಬರಿಗೆ ಬಂತು. ಸಾಲಿನ ಕೊನೆ ಮನೆಯಲ್ಲಿ ಇಬ್ಬರಿಗೆ. ಅವರ್ಯಾರೂ ಪಾನಿಪುರಿ ತಿನ್ನುವ ವಯಸ್ಸಿನವರಲ್ಲ. ಭಾನುವಾರ ನಾನೇ ಒಬ್ಬ ಪ್ಲಂಬರನ್ನು ಕರೆದುಕೊಂಡು ಹೋಗಿ ಮನೆ ಮುಂದಿನ ಚಪ್ಪಡಿ ಎತ್ತಿಸಿದೆ. ನಲ್ಲಿ ಪೈಪು ಚರಂಡಿಯ ಒಳಗಿಂದಲೇ ಹಾದುಹೋಗಿತ್ತು, ಕಪ್ಪು ನೀರಿನಲ್ಲಿ ಎಮ್ಮೆ ಮಲಗಿದ ಹಾಗೆ ಮಲಗಿತ್ತು.

ಇದರಲ್ಲಿ ಆಗುವುದು ಇಷ್ಟೇ. ನೀರು ಬಿಟ್ಟಾಗ ಆ ತೂತಿನಿಂದ ನೀರು ಹೊರಗೆ ಚಿಮ್ಮುತ್ತದೆ, ಆಗ ತೊಂದರೆ ಇಲ್ಲ. ನೀರು ನಿಲ್ಲಿಸಿದಾಗ ಪೈಪು ಖಾಲಿಯಾಗುತ್ತಾ ಹೋಗುತ್ತದೆ, ಒಳಗೆ ಎಳೆತ ಹುಟ್ಟುತ್ತದೆ, ಎಳನೀರಿಗೆ ಸ್ಟ್ರಾ ಹಾಕಿ ಎಳೆದ ಹಾಗೆ. ಅದೇ ತೂತಿನಿಂದ ಚರಂಡಿ ನೀರು ಒಳಗೆ ಬರುತ್ತದೆ. ಸಾಲಿನಲ್ಲಿ ಯಾರಾದರೂ ಒಬ್ಬರು ಲೈನಿಗೆ ನೇರವಾಗಿ ಮೋಟಾರ್ ಕೂರಿಸಿದ್ದರಂತೂ ಮುಗಿಯಿತು. ಎಲ್ಲರ ಪಾಲಿನ ನೀರಿನ ಜೊತೆಗೆ ಚರಂಡಿಯನ್ನೂ ಎಳೆದುಕೊಳ್ಳುತ್ತಾರೆ. ಅಂಥ ಮೋಟಾರನ್ನು ನಾನೂ ಮಾರಿದ್ದೇನೆ. ಸಂಪಿಗೆ ಅಂತಲೇ ಹೇಳಿ ತಗೊಂಡು ಹೋಗುತ್ತಾರೆ, ಆದರೆ ಯಾವ ಸೈಜಿನ ನಿಪ್ಪಲ್ ಕೇಳುತ್ತಾರೆ ಅನ್ನುವುದರ ಮೇಲೆ ಎಲ್ಲಿಗೆ ಕೂರಿಸುತ್ತಾರೆ ಅಂತ ನಮಗೆ ಗೊತ್ತಾಗಿಬಿಡುತ್ತದೆ. ಸುಮ್ನೆ ಬಿಲ್ ಬರೆದು ಕೊಟ್ಟಿದ್ದೇನೆ.

ನಮ್ಮ ಮನೆಗಳಲ್ಲಿ ನೀರು ಬಂದ ಕೂಡಲೇ ಮೊದಲ ಎರಡು ಬಕೆಟ್ ಚೆಲ್ಲುವುದು ಒಂದು ಅಭ್ಯಾಸ ಆಗಿದೆ ಅಲ್ವಾ? ಕೆಂಪಗೆ ಬರುತ್ತೆ, ವಾಸನೆ ಬರುತ್ತೆ, ಸ್ವಲ್ಪ ಬಿಟ್ಟು ಹಿಡಿ ಅಂತ ಅಜ್ಜಿಯಿಂದ ಹಿಡಿದು ಮೊಮ್ಮಗಳವರೆಗೂ ಹೇಳುತ್ತಾರೆ. ಹತ್ತು ಸಾವಿರ ಮನೆಯಲ್ಲಿ ಇಪ್ಪತ್ತು ಇಪ್ಪತ್ತು ಲೀಟರ್ ಚೆಲ್ಲಿದರೆ 2 ಲಕ್ಷ ಲೀಟರ್. ಶುದ್ಧ ಮಾಡಿ, ಕ್ಲೋರಿನ್ ಹಾಕಿ, ಬೆಟ್ಟ ಹತ್ತಿಸಿ ತಂದ ನೀರು. ಆ ಮೊದಲ ಬಕೆಟ್ಟಿನಲ್ಲಿ ಬರುವುದೇ ಪೈಪು ಖಾಲಿ ಇದ್ದಾಗ ಒಳಗೆ ಸೇರಿದ ಕೊಳೆ. 2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ಬಡಾವಣೆಗಳಿಗೆ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ 24 ಗಂಟೆ ನೀರು ಕೊಟ್ಟರು. ಆಮೇಲೆ ಸಂಶೋಧಕರು ಹುಬ್ಬಳ್ಳಿ-ಧಾರವಾಡದಲ್ಲಿ ಎರಡೂ ಥರದ ನಲ್ಲಿಗಳ ನೀರು ಹಿಡಿದು ಪರೀಕ್ಷೆ ಮಾಡಿದರು. ಬಿಟ್ಟು ಬಿಟ್ಟು ನೀರು ಬರುವ ನಲ್ಲಿಗಳಲ್ಲಿ ಕೊಳಚೆ ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ ಜಾಸ್ತಿ ಸಲ ಸಿಕ್ಕಿತು. ಪೈಪು ಯಾವಾಗಲೂ ತುಂಬಿದ್ದರೆ ಕೊಳೆಗೆ ಒಳಗೆ ಬರಲು ಜಾಗವೇ ಇರುವುದಿಲ್ಲ.

ಈಗ ನಮ್ಮೂರಿನ ವಿಷಯ.

ನಮಗೆ ನೀರು ಬರುವುದು ಹಿರೇಕೊಳಲೆ ಕೆರೆಯಿಂದ ಮತ್ತು ಬೇಲೂರಿನ ಯಗಚಿ ಜಲಾಶಯದಿಂದ. ಯಗಚಿ ಎಲ್ಲಿ ಹುಟ್ಟುತ್ತದೆ ಹೇಳಿ? ನಮ್ಮದೇ ಬಾಬಾಬುಡನ್‌ಗಿರಿ ಸಾಲಿನಲ್ಲಿ. ಅಲ್ಲಿಂದ ಇಳಿದು, ನಮ್ಮ ಮಗ್ಗುಲಲ್ಲೇ ಹಾದು, ಬೇಲೂರು ಸೇರುತ್ತದೆ. ನಾವು ಅದನ್ನು ಅಲ್ಲಿಗೆ ಹೋಗಲು ಬಿಟ್ಟು, ಮತ್ತೆ ಅಲ್ಲಿಂದ ಇಪ್ಪತ್ತೈದು ಕಿಲೋಮೀಟರ್ ಹತ್ತಿರ ಪೈಪು ಹಾಕಿ ಮೇಲಕ್ಕೆ ಎತ್ತಿಸಿಕೊಂಡು ಕುಡಿಯುತ್ತೇವೆ. ಬೀಗರ ಮನೆಗೆ ಕಳಿಸಿದ ಅಕ್ಕಿಯನ್ನು ಮತ್ತೆ ಬೀಗರ ಹತ್ತಿರವೇ ಸಾಲ ತಂದ ಹಾಗೆ. ಇದನ್ನು ತಪ್ಪು ಅನ್ನುತ್ತಿಲ್ಲ, ಜಲಾಶಯ ಇರುವುದೇ ಅಲ್ಲಿ, ಏನು ಮಾಡಲಾಗುತ್ತದೆ? ಆದರೆ ಇದಕ್ಕೆ ಬೀಳುವ ಖರ್ಚು ತಿಳಿದಿರಬೇಕು.

ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಬೇಲೂರು ನಮಗಿಂತ ನೂರು ಮೀಟರಿನಷ್ಟು ಕೆಳಗೆ. ಸಾವಿರ ಲೀಟರ್ ನೀರನ್ನು ನೂರು ಮೀಟರ್ ಎತ್ತಲು ಪುಸ್ತಕದ ಲೆಕ್ಕದಲ್ಲಿ 0.27 ಯೂನಿಟ್ ಕರೆಂಟ್ ಸಾಕು. ಪಂಪು, ಮೋಟಾರಿನ ನಷ್ಟ ಸೇರಿಸಿದರೆ 0.4 ಯೂನಿಟ್ ಹತ್ತಿರ ಬರುತ್ತದೆ, ಪೈಪಿನೊಳಗಿನ ಉಜ್ಜಾಟ ಬೇರೆ. 2011ರ ಜನಗಣತಿಯಲ್ಲಿ ಊರಿನ ಜನ 1,18,401. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ಅಂತ ಕೇಂದ್ರದ ಅಳತೆ ಇದೆ. ಗುಣಿಸಿ, ದಿನಕ್ಕೆ ಸುಮಾರು 1.6 ಕೋಟಿ ಲೀಟರ್. ಲೆಕ್ಕ ಸುಲಭ ಆಗಲಿ ಅಂತ ಎಲ್ಲವೂ ಯಗಚಿಯಿಂದಲೇ ಬರುತ್ತದೆ ಅಂತ ಇಟ್ಟುಕೊಳ್ಳಿ, 6,400 ಯೂನಿಟ್ ಬೇಕು, ದಿನಕ್ಕೆ. ಅದರಲ್ಲಿ ಮೂರನೇ ಒಂದು ಪಾಲು ದಾರಿಯಲ್ಲಿ ಸೋರಿ ಹೋದರೆ 2,100 ಯೂನಿಟ್ಟಿಗೂ ಜಾಸ್ತಿ ಕರೆಂಟು ನೆಲಕ್ಕೆ. ನಮ್ಮಂಥ ಮನೆಗೆ ತಿಂಗಳಿಗೆ ನೂರು ಯೂನಿಟ್ ಆಗುತ್ತದೆ. ಅಂದರೆ ಇಪ್ಪತ್ತೊಂದು ಮನೆಗಳ ಇಡೀ ತಿಂಗಳ ಕರೆಂಟನ್ನು ಒಂದೇ ದಿನದಲ್ಲಿ ಮಣ್ಣಿಗೆ ಕುಡಿಸಿದ ಹಾಗೆ.

ಮೂರನೇ ಒಂದು ಪಾಲು ಅನ್ನುವುದು ನಾನು ಉದಾಹರಣೆಗೆ ಹೇಳಿದ್ದು. ನಿಜವಾಗಿ ಎಷ್ಟು ಅಂತ ತಿಳಿಯಬೇಕಾದರೆ ಅಲ್ಲಲ್ಲಿ ಮೀಟರ್ ಬೇಕು. ಜಲಾಶಯದ ಹತ್ತಿರ ಒಂದು, ಶುದ್ಧೀಕರಣ ಘಟಕದ ಬಾಯಲ್ಲಿ ಒಂದು, ಪ್ರತಿ ಓವರ್‌ಹೆಡ್ ಟ್ಯಾಂಕಿನ ಕೆಳಗೆ ಒಂದು. ಮನೆ ಮನೆಗೆ ಮೀಟರ್ ಹಾಕುವ ಮೊದಲು ಇದು ಆಗಬೇಕು, ಜನರ ಜಗಳ ಇಲ್ಲದೆ ಆಗುವ ಕೆಲಸ ಕೂಡ ಇದೇ. ಪೈಪಿಗೆ ಹೋದ ನೀರೆಷ್ಟು, ಬಿಲ್ ಆದ ನೀರೆಷ್ಟು, ನಡುವೆ ಮಾಯ ಆಗಿದ್ದೆಷ್ಟು. ಕೇಂದ್ರ ನಗರಾಭಿವೃದ್ಧಿ ಸಚಿವಾಲಯ 2008ರಲ್ಲೇ ಇದಕ್ಕೆ ಗುರಿ ಇಟ್ಟಿತು. ದುಡ್ಡು ಹುಟ್ಟದೇ ಹೋಗುವ ನೀರು 20 ಶೇಕಡಕ್ಕಿಂತ ಜಾಸ್ತಿ ಇರಬಾರದು, ನಡೆಸುವ ಖರ್ಚು ಪೂರ್ತಿ ನೀರಿನ ಶುಲ್ಕದಿಂದಲೇ ಬರಬೇಕು, ಎಲ್ಲ ಕನೆಕ್ಷನ್‌ಗೂ ಮೀಟರ್ ಇರಬೇಕು. ಕಾಗದದ ಮೇಲೆ ಎಲ್ಲ ಚೆನ್ನಾಗಿಯೇ ಇದೆ.

ಸಣ್ಣ ಸೋರಿಕೆ ಅಂತ ಅಸಡ್ಡೆ ಮಾಡುವವರಿಗೆ ಇನ್ನೊಂದೇ ಒಂದು ಲೆಕ್ಕ. ನಿಮಿಷಕ್ಕೆ 10 ಲೀಟರ್ ಸೋರುವ ಜಾಯಿಂಟ್ ನೋಡಲಿಕ್ಕೆ ಏನೂ ಅಲ್ಲ, ರಸ್ತೆ ಸ್ವಲ್ಪ ಒದ್ದೆ ಇರುತ್ತೆ, ನಾಯಿ ಬಂದು ನೆಕ್ಕಿ ಹೋಗುತ್ತೆ. ದಿನಕ್ಕೆ 14,400 ಲೀಟರ್ ಅದು. ನೂರು ಜನರ ಒಂದು ದಿನದ ನೀರು.

ದುಡ್ಡಿನ ವಿಷಯಕ್ಕೆ ಬರುತ್ತೇನೆ, ಈ ಪತ್ರ ಬರೆಯಲು ಕೂತಿದ್ದೇ ಅದಕ್ಕೆ. ದುಡ್ಡು ಬರುವುದೇ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. 2015ರಲ್ಲಿ ನಗರಗಳ ನೀರು, ಒಳಚರಂಡಿಗೆ ಅಂತ ಕೇಂದ್ರದ ಅಮೃತ್ ಯೋಜನೆ ಬಂತು. 2021ರ ಅಕ್ಟೋಬರ್‌ನಲ್ಲಿ ಅಮೃತ್ 2.0 ಬಂತು, ಅದರಲ್ಲಿ ಒಂದು ಲಕ್ಷದಿಂದ ಹತ್ತು ಲಕ್ಷ ಜನ ಇರುವ ನಮ್ಮಂಥ ಊರುಗಳ ನೀರು, ಒಳಚರಂಡಿ ಕೆಲಸಕ್ಕೆ ಮೂರನೇ ಒಂದು ಪಾಲು ಕೇಂದ್ರದ್ದು, ಉಳಿದದ್ದನ್ನು ರಾಜ್ಯ ಮತ್ತು ಊರು ಹೊಂದಿಸಬೇಕು ಅಂತ ಇತ್ತು. ಹದಿನೈದನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಕೊಟ್ಟ ಅನುದಾನದಲ್ಲಿ ಇಂಥ ಊರುಗಳಿಗೆ 30 ಶೇಕಡ ಕುಡಿಯುವ ನೀರು, ಮಳೆನೀರು ಕೊಯ್ಲು, ಮರುಬಳಕೆಗೆ ಮತ್ತು ಇನ್ನೊಂದು 30 ಶೇಕಡ ನೈರ್ಮಲ್ಯಕ್ಕೆ ಅಂತ ಕಟ್ಟಿಹಾಕಿಯೇ ಕೊಟ್ಟಿತ್ತು. ಹಾಗಾದರೆ ತೊಂದರೆ ಎಲ್ಲಿ? ಯೋಜನೆಯ ದುಡ್ಡು ಹೊಸದನ್ನು ಕಟ್ಟಲಿಕ್ಕೆ. ಕಟ್ಟಿದ್ದನ್ನು ಮೂವತ್ತು ನಲವತ್ತು ವರ್ಷ ನಡೆಸುವುದು ಊರಿನ ತಲೆ ಮೇಲೆ. 1992ರ ಸಂವಿಧಾನದ 74ನೇ ತಿದ್ದುಪಡಿಯಲ್ಲಿ ನೀರು ಸರಬರಾಜನ್ನು ನಗರಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಗೆ ಸೇರಿಸಿದರು, ಸರಿ, ಆದರೆ ಕೆಲಸ ಇಳಿದು ಬಂದಷ್ಟು ಸಲೀಸಾಗಿ ದುಡ್ಡು ಇಳಿದು ಬರಲಿಲ್ಲ.

ಇನ್ನೊಂದು, ಹೊಸ ಟ್ಯಾಂಕಿಗೆ ಗುದ್ದಲಿ ಪೂಜೆ ಇದೆ. ಶಾಮಿಯಾನ, ಹಾರ, ಫೋಟೋ ಎಲ್ಲ ಇದೆ. ಹಳೇ ಬೀಡು (ಎರಕದ ಕಬ್ಬಿಣ) ಪೈಪಿನ ಜಾಯಿಂಟಿಗೆ ಸೀಸ ಹೊಯ್ದು ಬಿಗಿ ಮಾಡುವ ಕೆಲಸಕ್ಕೆ ಯಾರಾದರೂ ತೆಂಗಿನಕಾಯಿ ಒಡೆದಿದ್ದು ನೋಡಿದ್ದೀರಾ? ನಾನಂತೂ ನೋಡಿಲ್ಲ.

ನಮ್ಮಮ್ಮ ಸಂಬಳದ ದಿನ ಅಪ್ಪನ ಕೈಯಿಂದ ದುಡ್ಡು ತಗೊಂಡು ಮೊದಲು ಮಾಡುತ್ತಿದ್ದ ಕೆಲಸ, ಅದರಲ್ಲಿ ಒಂದಿಷ್ಟನ್ನು ಸಾಸಿವೆ ಡಬ್ಬಿಗೆ ಹಾಕುವುದು. ಅದು ಮದುವೆ ಮುಂಜಿಗೆ ಅಲ್ಲ, ಸೀರೆಗೂ ಅಲ್ಲ. ಹೆಂಚು ಒಡೆದರೆ, ಒಲೆ ಕೆಟ್ಟರೆ, ಬಾವಿ ಹಗ್ಗ ಹರಿದರೆ. ಅಪ್ಪ ಎಷ್ಟು ಕೇಳಿದರೂ ಬೇರೆ ಯಾವುದಕ್ಕೂ ಕೊಡುತ್ತಿರಲಿಲ್ಲ. ಊರಿನ ನೀರಿಗೆ ಅಂಥದೊಂದು ಡಬ್ಬಿ ಬೇಕು ಅನ್ನುವುದು ನನ್ನ ಬೇಡಿಕೆ. ನೀರಿನ ಶುಲ್ಕ, ಒಳಚರಂಡಿ ಶುಲ್ಕ, ಹೊಸ ಕನೆಕ್ಷನ್ ದುಡ್ಡು, ಇವು ಬೇರೆ ಖಾತೆಗೆ ಬೀಳಬೇಕು ಮತ್ತು ಅಲ್ಲಿಂದ ಕರೆಂಟ್ ಬಿಲ್, ನೀರು ತಿಳಿ ಮಾಡುವ ಆಲಂ, ಕ್ಲೋರಿನ್, ನೌಕರರ ಸಂಬಳ, ರಿಪೇರಿ ಬಿಟ್ಟು ಬೇರೆಲ್ಲಿಗೂ ಒಂದು ರೂಪಾಯಿ ಹೋಗಬಾರದು, ಬೀದಿ ದೀಪಕ್ಕೂ ಇಲ್ಲ, ಹಬ್ಬದ ಶಾಮಿಯಾನಕ್ಕೂ ಇಲ್ಲ. ಅದರ ಒಳಗೆ ಇನ್ನೊಂದು ಸಣ್ಣ ಡಬ್ಬಿ, ಸವಕಳಿಗೆ. ಐವತ್ತು ವರ್ಷ ಬಾಳುವ ಪೈಪು ಅಂದರೆ ಪ್ರತಿ ವರ್ಷ ನೂರರಲ್ಲಿ ಎರಡು ಪಾಲು ಸಾಯುತ್ತಿದೆ ಅಂತಲೇ ಅರ್ಥ. ಹಾಗಾಗಿ ಪ್ರತಿ ವರ್ಷ ನೂರು ಕಿಲೋಮೀಟರಿಗೆ ಎರಡು ಕಿಲೋಮೀಟರ್ ಬದಲಾಯಿಸುತ್ತಾ ಹೋಗಬೇಕು.

ಇದನ್ನು ಕಾಫಿ ತೋಟ ಇರುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಾಂಡಕೊರಕ ಹಿಡಿದ ಗಿಡವನ್ನು ಆ ವರ್ಷವೇ ಕಿತ್ತು ಸುಟ್ಟು, ಆ ಜಾಗಕ್ಕೆ ಮಳೆಗಾಲದಲ್ಲಿ ಹೊಸ ಸಸಿ ಹಾಕುತ್ತಾರೆ. ಹಾಗೆ ಮಾಡುತ್ತಾ ಇದ್ದರೆ ತೋಟಕ್ಕೆ ಮುಪ್ಪೇ ಬರುವುದಿಲ್ಲ. ಇಡೀ ತೋಟ ಒಣಗಲಿ, ಆಮೇಲೆ ಸರ್ಕಾರದಿಂದ ಪ್ಯಾಕೇಜ್ ಬರುತ್ತದೆ, ಆಗ ಒಟ್ಟಿಗೆ ಗಿಡ ಹಾಕೋಣ ಅಂತ ಕೂತವನನ್ನು ಊರಲ್ಲಿ ಏನಂತಾರೆ? ನೀರಿನ ಪೈಪಿನ ವಿಷಯದಲ್ಲಿ ನಾವೆಲ್ಲ ಸೇರಿ ಮಾಡುತ್ತಿರುವುದು ಅದನ್ನೇ. ಇದು ಚಿಕ್ಕಮಗಳೂರು ಒಂದರ ಕಥೆಯೂ ಅಲ್ಲ. ಗೊರೂರಿನಿಂದ ಹೇಮಾವತಿ ಕುಡಿಯುವ ಹಾಸನದವರೂ ಇದೇ ಲೆಕ್ಕ ಹಾಕಿಕೊಳ್ಳಬಹುದು.

ಯಾವ ಪೈಪು ಮೊದಲು? ಇಲ್ಲಿ ನನಗೆ ಒಬ್ಬ ಹಿರಿಯರ ನೆನಪು ಬರುತ್ತದೆ. ರಿಟೈರ್ ಆದ ನೀರುಗಂಟಿ, ಬೀದಿ ಬೀದಿಯ ವಾಲ್ ತಿರುಗಿಸಿ ನೀರು ಬಿಡುತ್ತಿದ್ದವರು. ಈಗಲೂ ಶನಿವಾರ ಸಂಜೆ ಅಂಗಡಿಗೆ ಬಂದು ಸ್ಟೂಲ್ ಮೇಲೆ ಕೂರುತ್ತಾರೆ, ಏನೂ ತಗೊಳ್ಳುವುದಿಲ್ಲ, ಗಿರಾಕಿಗಳಿಗೆ ಬಿಟ್ಟಿ ಸಲಹೆ ಕೊಟ್ಟು ನನ್ನ ಎರಡು ವ್ಯಾಪಾರ ಕೆಡಿಸಿ ಹೋಗುತ್ತಾರೆ. ಅವರು ಸೋರಿಕೆ ಹುಡುಕುವುದನ್ನು ನಾನು ಒಂದು ಸಲ ನೋಡಿದ್ದೆ. ರಾತ್ರಿ ಎರಡು ಗಂಟೆ ಹೊತ್ತು, ಬೀದಿಯಲ್ಲಿ ಸದ್ದೇ ಇಲ್ಲ. ವಾಲ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯನ್ನು ಗುಂಡಿಯೊಳಗೆ ಇಳಿಸಿ, ಅದರ ತುದಿಗೆ ಕಿವಿ ಇಟ್ಟು ಬಗ್ಗಿ ನಿಂತರು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟ ಹಾಗೆ. ಇಲ್ಲಿಲ್ಲ ಅಂದರು. ಹದಿನೈದು ಹೆಜ್ಜೆ ಮುಂದೆ ಹೋಗಿ ಇನ್ನೊಂದು ಗುಂಡಿ. ಅಲ್ಲೂ ಇಲ್ಲ. ಮೂರನೆಯದರಲ್ಲಿ ಕಣ್ಣು ಮುಚ್ಚಿಕೊಂಡು ಜಾಸ್ತಿ ಹೊತ್ತು ನಿಂತರು. "ಬಾ, ಕೇಳು" ಅಂದರು. ನಾನೂ ಕಿವಿ ಇಟ್ಟೆ. ದೂರದಲ್ಲಿ ಯಾರೋ ದೋಸೆ ಹೊಯ್ಯುತ್ತಿರುವ ಹಾಗೆ, ಚುರ್ರ್ ಅಂತ ಸಣ್ಣ ಸದ್ದು. ಬೆಳಿಗ್ಗೆ ಅಗೆದರೆ ಎರಡೇ ಅಡಿ ಆಚೀಚೆ, ಜಾಯಿಂಟ್ ಬಿಟ್ಟಿತ್ತು.

ಇಂಥವರ ತಲೆಯೊಳಗೆ ಇಡೀ ಬಡಾವಣೆಯ ನಕ್ಷೆ ಇರುತ್ತದೆ. ಯಾವ ತಿರುವಿನಲ್ಲಿ ಬೀಡು ಪೈಪು ಮುಗಿದು ಎಸಿ (ಕಲ್ನಾರು ಸಿಮೆಂಟಿನ) ಪೈಪು ಶುರುವಾಗುತ್ತದೆ, ಯಾವ ವಾಲ್ ಉಲ್ಟಾ ತಿರುಗುತ್ತದೆ, ಯಾವ ವಾಲಿನ ಮೇಲೆ ಕಾಂಕ್ರೀಟ್ ಹಾಕಿ ಹೂತುಬಿಟ್ಟಿದ್ದಾರೆ, ಎಲ್ಲ. ಕಚೇರಿಯ ನಕ್ಷೆಯಲ್ಲಿ ಇರುವುದೂ ನೆಲದೊಳಗೆ ಇರುವುದೂ ಒಂದೇ ಅಂತ ಯಾವ ಊರಲ್ಲೂ ನಂಬಬೇಡಿ. ಇವರು ರಿಟೈರ್ ಆದ ದಿನ ಹಾರ ಹಾಕಿ, ಶಾಲು ಹೊದಿಸಿ, ನಕ್ಷೆಯನ್ನು ಮನೆಗೆ ಕಳಿಸಿಬಿಡುತ್ತೇವೆ. ಆಮೇಲೆ ಬರುವ ಹುಡುಗ ಗುತ್ತಿಗೆಯವನು, ಆರು ತಿಂಗಳಿಗೆ ಅವನೂ ಬದಲು. ಒಂದು ಮೊಬೈಲು, ಒಂದು ತಿಂಗಳು, ಹಳೇ ನೀರುಗಂಟಿಗಳಿಗೆ ದಿನಗೂಲಿ ಮತ್ತು ಗೌರವ, ಇಷ್ಟಿದ್ದರೆ ಪ್ರತಿ ವಾಲಿನ ಜಾಗ ಗುರುತು ಹಾಕಿ ಇಡಬಹುದು. ಕೋಟಿ ರೂಪಾಯಿಯ ಯೋಜನಾ ವರದಿ (ಡಿಪಿಆರ್) ಬೇಕಾಗಿಲ್ಲ. ಹಾಗೆಯೇ ಯಾವ ರಸ್ತೆಗೆ ಕಾಂಕ್ರೀಟ್ ಹಾಕುವ ಮೊದಲೂ ಕೆಳಗಿನ ಪೈಪಿನ ವಯಸ್ಸು ಕೇಳುವ ಒಂದು ನಿಯಮ ಬೇಕು. ಹೊಸ ಕಾಂಕ್ರೀಟ್ ಕೆಳಗೆ ನಲವತ್ತು ವರ್ಷದ ಪೈಪು ಬಿಟ್ಟು, ಮೂರೇ ತಿಂಗಳಿಗೆ ಕಟ್ಟರ್ ತಂದು ರಸ್ತೆ ಸೀಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಯಾವ ಊರಲ್ಲಾದರೂ ನೋಡಿ, ಇದೇ.

ಬರುವ ನೀರಿನ ಬಗ್ಗೆ ಇಷ್ಟಾದರೂ ಮಾತಾಡುತ್ತೇವೆ. ಹೋಗುವ ನೀರಿನ ಬಗ್ಗೆ ಬಾಯಿಯೇ ಬಿಡುವುದಿಲ್ಲ. ಬಳಸಿದ ನೀರಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಗೆ ಹೋಗುತ್ತದೆ ಅನ್ನುವುದು ಎಂಜಿನಿಯರ್‌ಗಳ ಲೆಕ್ಕ. ಹಾಗಾಗಿ ನೀರು ಜಾಸ್ತಿ ತಂದಷ್ಟೂ ಕೊಳಚೆ ಜಾಸ್ತಿ. ಯುಜಿಡಿ, ಅಂದರೆ ಒಳಚರಂಡಿ ಪೈಪು ನೀರಿನ ಪೈಪಿಗಿಂತ ಬೇರೆ ರೀತಿ ಸಾಯುತ್ತದೆ. ಕೊಳಚೆಯಿಂದ ಏಳುವ ಕೊಳೆತ ಮೊಟ್ಟೆ ವಾಸನೆಯ ಗ್ಯಾಸು ಪೈಪಿನ ಮೇಲ್ಭಾಗಕ್ಕೆ ಹೋಗಿ, ಅಲ್ಲಿನ ತೇವದಲ್ಲಿ ಬ್ಯಾಕ್ಟೀರಿಯಾದಿಂದ ಗಂಧಕಾಮ್ಲ ಆಗಿ, ಕಾಂಕ್ರೀಟನ್ನು ಮೇಲಿನಿಂದ ತಿನ್ನುತ್ತಾ ಬರುತ್ತದೆ. ಕೆಳಗೆ ಹರಿವು ಸರಿಯಾಗಿಯೇ ಇರುತ್ತದೆ. ಒಂದು ದಿನ ಮೇಲೆ ಲಾರಿ ಹೋಗುತ್ತದೆ, ರಸ್ತೆ ಕುಸಿಯುತ್ತದೆ. ಆಗ ನಾವು ಲಾರಿಯವನಿಗೆ ಬೈಯುತ್ತೇವೆ.

ನಮ್ಮ ಮಲೆನಾಡಿನ ಮಗ್ಗುಲ ಊರುಗಳಿಗೆ ಇನ್ನೊಂದು ರೋಗ ಇದೆ. ಜೂನ್ ಬಂತು ಅಂದರೆ ಮ್ಯಾನ್‌ಹೋಲ್‌ಗಳು ಬಾಯಿ ಬಿಟ್ಟು ಉಕ್ಕುತ್ತವೆ. ಯಾಕೆ ಗೊತ್ತಾ? ತಾರಸಿಯ ಮಳೆನೀರಿನ ಪೈಪನ್ನು ಸುಲಭ ಅಂತ ಯುಜಿಡಿ ಚೇಂಬರಿಗೆ ಕೊಟ್ಟಿರುತ್ತಾರೆ. ಕಕ್ಕಸು, ಬಚ್ಚಲ ನೀರಿಗೆ ಅಂತ ಮಾಡಿದ ಪೈಪಿಗೆ ಆಷಾಢದ ಮಳೆ ಸುರಿದರೆ ಅದು ತಡೆಯುತ್ತದೆಯೇ? ನಮ್ಮ ಮನೆಯದೂ ಮೂರು ವರ್ಷದ ಹಿಂದಿನವರೆಗೆ ಹಾಗೇ ಇತ್ತು. ಪೈಪ್ ಅಂಗಡಿಯವನ ಮನೆ! ಒಂದು ಮಧ್ಯಾಹ್ನ, ಎರಡು ಬೆಂಡು, ಹತ್ತು ಅಡಿ ಪೈಪು, ಅಷ್ಟರಲ್ಲಿ ಸರಿ ಆಯಿತು. ನಾಚಿಕೆ ಆಗಿದ್ದು ಬೇರೆ.

ಕಟ್ಟಿಕೊಂಡ ಮ್ಯಾನ್‌ಹೋಲಿಗೆ ರಕ್ಷಣಾ ಸಾಧನ ಇಲ್ಲದೆ ಮನುಷ್ಯನನ್ನು ಇಳಿಸಿ ಕೆಲಸ ಮಾಡಿಸುವುದನ್ನು 2013ರ ಕಾಯ್ದೆ ನಿಷೇಧ ಮಾಡಿದೆ. ಹಾಗೆ ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿತು. ನೀರಿನ ರಭಸದಿಂದ ಕಟ್ಟು ಬಿಡಿಸುವ ಜೆಟ್ಟಿಂಗ್ ಮಿಷನ್, ಕೊಳಚೆ ಹೀರುವ ಸಕ್ಕಿಂಗ್ ಮಿಷನ್ ಇರಬೇಕು, ಅದಕ್ಕೆ ಡೀಸೆಲ್ ಇರಬೇಕು, ಪೈಪು ಹರಿದರೆ ಅದೇ ವಾರ ಹೊಸದು ಬರಬೇಕು. ಅದೂ ಸಾಸಿವೆ ಡಬ್ಬಿಯ ಖರ್ಚೇ. ಆ ಡಬ್ಬಿ ಖಾಲಿ ಇದ್ದ ದಿನವೇ "ಒಂದೈದು ನಿಮಿಷ ಇಳಿ ಮಾರಾಯ" ಅನ್ನುವ ಮಾತು ಬರುವುದು. ಯಾರಾದರೂ ನಿಮ್ಮ ಬೀದಿಯಲ್ಲಿ ಹಾಗೆ ಹೇಳುವುದು ಕೇಳಿದರೆ ದಯವಿಟ್ಟು ಅಡ್ಡ ಬನ್ನಿ.

ಕೊನೆಗೆ ಕೊಳಚೆ ಶುದ್ಧೀಕರಣ ಘಟಕ. ಎಸ್‌ಟಿಪಿ ಕಟ್ಟುವುದು ಸುಲಭ, ಗಾಳಿ ಊದುವ ಬ್ಲೋವರ್ ದಿನವಿಡೀ ಓಡಿಸುವುದು ಕಷ್ಟ, ಕರೆಂಟ್ ಕುಡಿಯುವುದು ಅದೇ. ಯಗಚಿಯಿಂದ ನೀರೆತ್ತಿ ಕುಡಿಯುವವರು ನಾವು. ಮೇಲೆ ಯಗಚಿಗೆ ಏನು ಸೇರುತ್ತದೋ ಅದು ಬೇಲೂರಿಗೆ ಹೋಗಿ ನಮ್ಮ ಕೊಡಕ್ಕೇ ವಾಪಸ್ ಬರುತ್ತದೆ, ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು. ಶುದ್ಧ ಮಾಡಿದ ನೀರಿಗೆ ಬೆಲೆ ಇದೆ ಅನ್ನುವುದೂ ಈಗ ಗೊತ್ತಾಗಿದೆ. ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಅಲ್ಲಿ ಶುದ್ಧೀಕರಣ ಸಾಕಾ ಅಂತ ಜಗಳ ಇದೆ, ಅದು ಇರಲಿ. ನಮ್ಮಲ್ಲಿ ಕಟ್ಟಡ ಕೆಲಸಕ್ಕೆ, ಪಾರ್ಕಿಗೆ, ಲಾರಿ ತೊಳೆಯಲಿಕ್ಕೆ ಕುಡಿಯುವ ನೀರೇ ಬೇಕಾ?

ಇನ್ನು ನನ್ನ ಗಿರಾಕಿಗಳ ಸರದಿ. ಬೇಜಾರು ಮಾಡಿಕೊಳ್ಳಬೇಡಿ.

ಮೀಟರ್ ಅಂದ ಕೂಡಲೇ ಎಲ್ಲರೂ ರೇಗುತ್ತೀರಿ. ನೀರು ದೇವರು ಕೊಟ್ಟಿದ್ದು, ಅದಕ್ಕೆಂಥ ದುಡ್ಡು ಅನ್ನುತ್ತೀರಿ. ದೇವರು ನೀರು ಕೊಟ್ಟ, ಪೈಪು ಕೊಟ್ಟಿಲ್ಲವಲ್ಲ. ಅದೇ ನೀವು ಇಪ್ಪತ್ತು ಲೀಟರಿನ ಕ್ಯಾನಿಗೆ ಚೌಕಾಶಿ ಮಾಡದೆ ದುಡ್ಡು ಕೊಡುತ್ತೀರಿ, ಬೇಸಿಗೆಯಲ್ಲಿ ಟ್ಯಾಂಕರಿನವನ ಹಿಂದೆ ಓಡುತ್ತೀರಿ, ನನ್ನ ಹತ್ತಿರ ಟ್ಯಾಂಕು ಮೋಟಾರು ತಗೊಳ್ಳುತ್ತೀರಿ. ನೀರಿನ ಬಿಲ್ ಮಾತ್ರ ವರ್ಷಗಟ್ಟಲೆ ಬಾಕಿ, ಬಡ್ಡಿ ಮನ್ನಾ ಆಗುತ್ತದೆ ಅಂತ ಕಾಯುತ್ತೀರಿ. ಎಲ್ಲರಿಗೂ ಹೇಳುತ್ತಿಲ್ಲ. ಕಟ್ಟುವವರು ಕಟ್ಟುತ್ತಲೇ ಇದ್ದಾರೆ, ಕಟ್ಟದವರ ಪಾಲನ್ನೂ ಅವರೇ ಹೊರುತ್ತಿದ್ದಾರೆ. ಕೂಲಿ ಮಾಡುವವರ ಮನೆಗೆ, ಎರಡು ಬಕೆಟ್ಟಿನಲ್ಲಿ ದಿನ ತಳ್ಳುವವರಿಗೆ ಬೆಲೆ ಏರಿಸಬೇಡಿ ಅಂತ ನಾನೂ ಕೂಗುತ್ತೇನೆ. ಒಂದು ಮಟ್ಟದವರೆಗೆ ಅಗ್ಗದಲ್ಲಿ ಕೊಡಿ, ಅದರ ಮೇಲೆ ಬಳಸಿದವರು ಬಳಸಿದಷ್ಟು ಕಟ್ಟಲಿ. ಶನಿವಾರ ಭಾನುವಾರ ಪ್ರವಾಸಿಗರು ಸಾಲುಗಟ್ಟಿ ಬರುವ ಊರು ನಮ್ಮದು. ಹತ್ತು ರೂಮಿನ ಲಾಡ್ಜಿಗೂ, ಮನೆಯನ್ನೇ ಹೋಂಸ್ಟೇ ಮಾಡಿಕೊಂಡವರಿಗೂ, ಒಬ್ಬಳೇ ಇರುವ ಅಜ್ಜಿಯ ಮನೆಗೂ ಒಂದೇ ಬಿಲ್ ಆಗಬಾರದು, ಬಳಸಿದ್ದನ್ನು ಅಳೆಯದಿದ್ದರೆ ಅದು ಆಗುವುದೂ ಇಲ್ಲ.

ಅಧಿಕಾರಿಗಳೇ, ಇದಕ್ಕೆ ಜನರ ಕಡೆಯಿಂದ ನನ್ನದೊಂದು ಷರತ್ತು ಇದೆ. ಮೊದಲು ಲೆಕ್ಕ ತೋರಿಸಿ, ಆಮೇಲೆ ಬೆಲೆ ಕೇಳಿ. ಪ್ರತಿ ತಿಂಗಳು ಒಂದೇ ಒಂದು ಹಾಳೆ. ಎಷ್ಟು ನೀರು ಎತ್ತಿದಿರಿ, ಎಷ್ಟಕ್ಕೆ ಬಿಲ್ ಆಯಿತು, ಕರೆಂಟಿಗೆ ಎಷ್ಟು ಹೋಯಿತು, ಎಷ್ಟು ಸೋರಿಕೆ ಮುಚ್ಚಿದಿರಿ, ಡಬ್ಬಿಯಲ್ಲಿ ಎಷ್ಟು ಉಳಿಯಿತು, ಯಾವ ಬೀದಿಯ ನಲ್ಲಿಯಲ್ಲಿ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಮ್ಮಿ ಇತ್ತು. ಆಜಾದ್ ಪಾರ್ಕಿನ ಹತ್ತಿರ ಒಂದು ಬೋರ್ಡಿಗೆ ಅಂಟಿಸಿ. ಬಸ್ಸಿಗೆ ಕಾಯುವವರು ಓದುತ್ತಾರೆ, ತಪ್ಪಿದ್ದರೆ ಹೇಳುತ್ತಾರೆ, ನಮ್ಮೂರಲ್ಲಿ ಪುಕ್ಕಟೆ ಆಡಿಟರ್‌ಗಳಿಗೆ ಬರ ಇಲ್ಲ.

ನನ್ನ ಕಡೆಯಿಂದ, ಒಂದನೇ ತಾರೀಕಿನಿಂದ ಅಂಗಡಿಯಲ್ಲಿ ಒಂದು ಬೋರ್ಡ್ ಹಾಕುತ್ತಿದ್ದೇನೆ. ಲೈನಿಗೆ ನೇರ ಕೂರಿಸಲು ಮೋಟಾರ್ ಕೊಡುವುದಿಲ್ಲ. ಪಕ್ಕದ ಅಂಗಡಿಗೆ ಹೋಗುತ್ತಾರೆ ಅಂತ ಹೆಂಡತಿ ಹೇಳುತ್ತಾಳೆ. ಹೋಗಲಿ. ಹೋಗುವ ಮೊದಲು ಗಲ್ಲಾ ಪಕ್ಕದ ಆ ಪೈಪಿನ ತುಂಡನ್ನು ಒಮ್ಮೆ ಕೈಗೆ ಕೊಡುತ್ತೇನೆ.

ಮತ್ತೆ ಆ ಹಿರಿಯರ ಹತ್ತಿರ ಮಾತಾಡಿದ್ದೇನೆ. ಎಂಜಿನಿಯರ್ ಸಾಹೇಬರು ಯಾರಾದರೂ ಬಂದರೆ ತಮಗೆ ಗೊತ್ತಿರುವ ವಾಲುಗಳನ್ನೆಲ್ಲ ತೋರಿಸಲು ಒಪ್ಪಿದ್ದಾರೆ, ದುಡ್ಡು ಬೇಡವಂತೆ. ಮೊಣಕಾಲು ನೋವಿದೆ, ನಡೆಯಲಾಗುವುದಿಲ್ಲ, ಸ್ಕೂಟರ್ ತರಬೇಕು. ಬೆಳಿಗ್ಗೆ ಆರಕ್ಕೇ ಬರಬೇಕಂತೆ. ನೀರು ಬಿಟ್ಟ ಮೇಲೆ ಗುಂಡಿಗಳೆಲ್ಲ ತುಂಬಿಕೊಳ್ಳುತ್ತವೆ, ಆಮೇಲೆ ಏನೂ ಕಾಣುವುದಿಲ್ಲ ಅಂದರು.

ಇಂತಿ,
ನಿಮ್ಮೂರಿನ ಪೈಪ್ ಅಂಗಡಿಯವನು